'ಬರುತ್ತೆ ಸಾರ್' ಅನ್ನೋ ಏರಿಯಾದಲ್ಲಿ ಫ್ಲ್ಯಾಟ್ ಕೊಳ್ಳುವ ಮುನ್ನ

ತಣಿಸಂದ್ರ ಮುಖ್ಯರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ಆ ಸೇಲ್ಸ್ ಆಫೀಸು. ಎ.ಸಿ. ತಂಪಿನಲ್ಲಿ ಕೂರಿಸಿ, ಎಳನೀರು ಕೊಟ್ಟು, ಗಾಜಿನ ಪೆಟ್ಟಿಗೆಯೊಳಗಿನ ಮಾಡೆಲ್ ತೋರಿಸಿದರು. ಗೇಣುದ್ದದ ಟವರುಗಳು, ಸ್ಪಂಜಿನ ಮರಗಳು, ನೀಲಿ ಬಳಿದ ಈಜುಕೊಳ. ಟೈ ಕಟ್ಟಿದ ಹುಡುಗ ಗೋಡೆಯ ನಕ್ಷೆಯ ಮೇಲೆ ಲೇಸರ್ ಓಡಿಸುತ್ತಾ ಹೇಳುತ್ತಿದ್ದ: "ಇಲ್ಲಿ ಮೆಟ್ರೋ ಬರುತ್ತೆ ಸಾರ್. ಇಲ್ಲಿ ನೂರಡಿ ರಸ್ತೆ ಬರುತ್ತೆ. ಮಾಲ್ ಬರುತ್ತೆ. ಕಾವೇರಿ ಇನ್ನೇನು ಬಂದೇಬಿಡ್ತು." ನನ್ನ ತಂಗಿ ಮೆಲ್ಲಗೆ ಕಿವಿಯಲ್ಲಿ ಕೇಳಿದಳು: "ಅಣ್ಣಾ, ಬರೋದೆಲ್ಲ ಆಯ್ತು. ಇರೋದೇನು ಅಂತ ಕೇಳು."

ಅವಳ ಆ ಒಂದು ಪ್ರಶ್ನೆಯನ್ನೇ ಹಿಡಿದುಕೊಂಡು, ಅವಳಿಗೊಂದು ಫ್ಲ್ಯಾಟ್ ಹುಡುಕುತ್ತಾ ಎಂಟು ತಿಂಗಳು ಬೆಂಗಳೂರಿನ ಉತ್ತರದ ಅಂಚು ಸುತ್ತಿದೆವು. ಬೆಳೆಯುತ್ತಿರುವ ಬಡಾವಣೆಯಲ್ಲಿ ಹೊಸ ಫ್ಲ್ಯಾಟ್ ಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿನ ಬೆಲೆಯಲ್ಲಿ ನಾಳೆಯ ಮೆಟ್ರೋ, ನಾಳೆಯ ನೀರು ಎಲ್ಲವೂ ಇವತ್ತೇ ಸೇರಿಕೊಂಡಿರುತ್ತವೆ. ಹಾಗಾಗಿ ನಮ್ಮದು ಒಂದೇ ನಿಯಮ: ಯಾರು ಏನೇ 'ಬರುತ್ತೆ' ಅಂದರೂ "ಬರೆದು ಕೊಡ್ತೀರಾ?" ಅಂತ ಕೇಳುವುದು. ಕೊಟ್ಟರೆ ಲೆಕ್ಕಕ್ಕೆ ತಗೋ, ಇಲ್ಲದಿದ್ದರೆ ಸೊನ್ನೆ.

ಮೊದಲು ಏರಿಯಾ, ಆಮೇಲೆ ಸೇಲ್ಸ್ ಆಫೀಸು

ಜಾಹೀರಾತಿನ ನಂಬರಿಗೆ ಫೋನ್ ಮಾಡುವ ಮೊದಲೇ ಆ ಜಾಗಕ್ಕೆ ಮೂರು ಸಲ ಹೋಗಿ ಬನ್ನಿ. ಒಂದು ಸಲ ಸೋಮವಾರ ಬೆಳಿಗ್ಗೆ ಎಂಟೂವರೆಗೆ, ನೀವು ಕೆಲಸಕ್ಕೆ ಹೋಗುವ ದಿಕ್ಕಿನಲ್ಲೇ ಗಾಡಿ ಓಡಿಸಿಕೊಂಡು. ಭಾನುವಾರ ಮಧ್ಯಾಹ್ನ ಹೋದರೆ ಎಲ್ಲ ಏರಿಯಾವೂ ಮಾನ್ಯತಾ ಟೆಕ್ ಪಾರ್ಕಿಗೆ ಹದಿನೈದು ನಿಮಿಷವೇ. ಇನ್ನೊಂದು ಸಲ ರಾತ್ರಿ ಒಂಬತ್ತರ ಮೇಲೆ: ಬೀದಿ ದೀಪ ಇದೆಯೇ, ಬಸ್ಸಿಳಿದ ಹೆಣ್ಣುಮಗಳು ಗೇಟಿನ ತನಕ ನಡೆದು ಬರಬಹುದೇ ಅಂತ ನೋಡಿ. ಮೂರನೆಯದು ಜೋರು ಮಳೆ ಬಂದ ಮಾರನೇ ಬೆಳಿಗ್ಗೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಅಪಾರ್ಟ್‌ಮೆಂಟೊಂದರ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ನೀರು ಎಲ್ಲಿಯವರೆಗೆ ಬಂದಿತ್ತು ಅನ್ನೋದನ್ನ ಕಾಂಪೌಂಡಿನ ಮೇಲಿನ ಕೆಸರಿನ ಗೆರೆಯೇ ಹೇಳುತ್ತದೆ.

ಮೂಗಿಗೂ ಕೆಲಸ ಕೊಡಿ. ತಣಿಸಂದ್ರ ರಸ್ತೆಯಲ್ಲೇ ಇನ್ನಷ್ಟು ಮುಂದೆ ಹೋದರೆ ಬೆಳ್ಳಹಳ್ಳಿ, ಕಣ್ಣೂರಿನ ಕಡೆ ಮಿಟ್ಟಗಾನಹಳ್ಳಿ. ಊರಿನ ಕಸ ಸುರಿದ ಹಳೆಯ ಕಲ್ಲು ಕ್ವಾರಿಗಳು ಅಲ್ಲಿವೆ. ಬ್ರೋಷರಿನ ನಕ್ಷೆಯಲ್ಲಿ ಅವು ಇರುವುದಿಲ್ಲ. ಸಂಜೆ ಗಾಳಿ ಆ ಕಡೆಯಿಂದ ಬೀಸಿದರೆ ಗೊತ್ತಾಗುತ್ತದೆ.

ಹೋದಾಗ ಯಾರನ್ನು ಮಾತಾಡಿಸಬೇಕು? ಬ್ರೋಕರನ್ನಲ್ಲ. ಇಸ್ತ್ರಿ ಅಂಗಡಿಯವರು, ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಎಲ್ಲಕ್ಕಿಂತ ಮುಖ್ಯವಾಗಿ ಟ್ಯಾಂಕರ್ ಡ್ರೈವರ್. ನಾವು ಒಬ್ಬರನ್ನು ಟೀ ಅಂಗಡಿ ಮುಂದೆ ಹಿಡಿದೆವು.

"ಅಣ್ಣಾ, ಎದುರಿನ ಅಪಾರ್ಟ್‌ಮೆಂಟಿಗೆ ದಿನಕ್ಕೆ ಎಷ್ಟು ಲೋಡು?"

"ಮಳೆಗಾಲ್ದಲ್ಲಿ ಆರು. ಮಾರ್ಚಿಗೆ ಹದಿನಾಲ್ಕು ದಾಟುತ್ತೆ. ಯಾಕೆ ಸಾರ್, ತಗೋತಿದೀರಾ?" ಅಂತ ನಕ್ಕರು. ಅಷ್ಟು ಮಾಹಿತಿ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ.

ನೀರಿನ ಲೆಕ್ಕ ಕೈಯಲ್ಲೇ ಮಾಡಿ

ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಬೆಂಗಳೂರಿನ ಹೊರವಲಯದಲ್ಲಿ ಫ್ಲ್ಯಾಟಿನ ನಿಜವಾದ ಬೆಲೆ ಕಟ್ಟುವುದು ನೀರೇ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳಿಗೆ ಇಟ್ಟುಕೊಂಡಿರುವ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. ನಾನೂರು ಫ್ಲ್ಯಾಟ್ ತುಂಬಿದರೆ ದಿನಕ್ಕೆ 2,16,000 ಲೀಟರ್. 12,000 ಲೀಟರಿನ ಟ್ಯಾಂಕರ್ ಹದಿನೆಂಟು! ಸೇಲ್ಸ್ ಹುಡುಗನಿಗೆ ಕೇಳಿ: ಈ ಹದಿನೆಂಟರಲ್ಲಿ ಬೋರ್‌ವೆಲ್ ಎಷ್ಟು ಕೊಡುತ್ತೆ, ಕಾವೇರಿ ಎಷ್ಟು, ಸಂಸ್ಕರಿಸಿದ ನೀರು ಫ್ಲಶ್ಶಿಗೆ ಎಷ್ಟು?

2024ರ ಬೇಸಿಗೆ ನೆನಪಿರಬೇಕು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಯೇ ಹೇಳಿದ್ದರು. ಟ್ಯಾಂಕರ್ ದರ ಮೇಲೇರಿ, ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ ಮಿತಿ ಹಾಕಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು: ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಹಾಗಾಗಿ 'ಕಾವೇರಿ ಬರುತ್ತೆ' ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ರಸ್ತೆಯಡಿ ಪೈಪ್ ಬಂದರೆ ಮನೆಯ ನಲ್ಲಿಗೆ ಬಂದ ಹಾಗಲ್ಲ. ಅಪಾರ್ಟ್‌ಮೆಂಟಿನವರು ಜಲಮಂಡಳಿಗೆ ಅರ್ಜಿ ಹಾಕಿ, ಅಳತೆಗೆ ತಕ್ಕ ಶುಲ್ಕ ಕಟ್ಟಿರಬೇಕು. ಆ ರಸೀದಿ ತೋರಿಸಿ ಅನ್ನಿ. ಶುಲ್ಕ ಯಾರ ತಲೆಗೆ, ಬಿಲ್ಡರಿಗೋ ಫ್ಲ್ಯಾಟಿನವರಿಗೋ, ಅದೂ ಕರಾರಿನಲ್ಲಿ ಬರಲಿ. ನನ್ನ ಸ್ವಂತ ಅಪಾರ್ಟ್‌ಮೆಂಟಿನಲ್ಲಿ ಈ ಸಾಲು ಇರಲಿಲ್ಲ. ಸಂಪರ್ಕ ಬೇಕಾದಾಗ ನಾವೇ ಚಂದಾ ಎತ್ತಿದ್ದಾಯಿತು.

'ಬರುತ್ತೆ'ಗಳ ಪಟ್ಟಿ

ಒಂದು ಹಾಳೆ ತೆಗೆದುಕೊಂಡು ಬಿಲ್ಡರ್ ಹೇಳಿದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ ಅದು ಯಾವ ಸ್ಥಿತಿಯಲ್ಲಿದೆ ಅಂತ: ಓಡುತ್ತಿದೆಯೋ, ಕಂಬ ಎದ್ದಿದೆಯೋ, ಬರೀ ನಕ್ಷೆಯಲ್ಲಿದೆಯೋ.

ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ನಾಗವಾರ, ಹೆಬ್ಬಾಳದ ಮೇಲೆ ಹಾಯುತ್ತದೆ. ಕಂಬಗಳು ಕಣ್ಣಿಗೆ ಕಾಣುತ್ತವೆ, ಬಂದೇ ಬರುತ್ತದೆ. ಆದರೆ ನಾವು ನೋಡಿದ ಗೇಟಿನಿಂದ ನಾಗವಾರಕ್ಕೆ ಆರು ಕಿಲೋಮೀಟರ್ ಚಿಲ್ಲರೆ. ಅದನ್ನು 'ಮೆಟ್ರೋಗೆ ಐದು ನಿಮಿಷ' ಅಂತ ಫ್ಲೆಕ್ಸಿನಲ್ಲಿ ಹಾಕಿದ್ದರು. ಇನ್ನು ಕಂಬ ಎದ್ದ ಮಾತ್ರಕ್ಕೆ ರೈಲು ಓಡುವುದಿಲ್ಲ ಅನ್ನೋದಕ್ಕೆ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗಕ್ಕಿಂತ ಸಾಕ್ಷಿ ಬೇಕೆ? ಹಳಿ ಸಿದ್ಧವಾದ ಮೇಲೂ ಬೋಗಿಗಳಿಗಾಗಿ ಕಾದು, ಕೊನೆಗೆ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆ ನಂಬಿಕೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಕೊಂಡವರ ಮಕ್ಕಳು ಅಷ್ಟರಲ್ಲಿ ಹೈಸ್ಕೂಲು ಸೇರಿದ್ದರು. ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಇನ್ನೂ ಉದ್ದ: ಸುಮಾರು 73 ಕಿಲೋಮೀಟರ್, ಎರಡು ದಶಕದಿಂದ ಭೂಸ್ವಾಧೀನದ ಜಗ್ಗಾಟ, ಈಚೆಗೆ 'ಬೆಂಗಳೂರು ಬಿಸಿನೆಸ್ ಕಾರಿಡಾರ್' ಅಂತ ಹೊಸ ಹೆಸರು. ನಿಮ್ಮ ಜಾಗ ಆ ರಸ್ತೆಯ ಹತ್ತಿರ ಅಂದರೆ ಮೊದಲು ಅದರ ಅಧಿಸೂಚನೆಯ ಸರ್ವೆ ನಂಬರುಗಳಲ್ಲಿ ಈ ಜಾಗವೇ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಓಡುತ್ತಿರುವುದಕ್ಕೆ ಪೂರ್ತಿ ಬೆಲೆ, ಕಂಬ ಇರುವುದಕ್ಕೆ ಅರ್ಧ, ನಕ್ಷೆಯಲ್ಲಿರುವುದಕ್ಕೆ ಏನೂ ಇಲ್ಲ. ಹೀಗೆ ನೋಡಿದ ಮೇಲೂ ಇಷ್ಟವಾದರೆ, ಸಾಧ್ಯವಿದ್ದರೆ ಅದೇ ಏರಿಯಾದಲ್ಲಿ ಆರು ತಿಂಗಳು ಬಾಡಿಗೆಗೆ ಇರಿ. ಅಡ್ವಾನ್ಸು ವಾಪಸ್ ಬರುತ್ತದೆ, ತಪ್ಪು ಮನೆಗೆ ಕಟ್ಟಿದ ಮುದ್ರಾಂಕ ಶುಲ್ಕ ಬರುವುದಿಲ್ಲ.

ಫ್ಲ್ಯಾಟ್ ನಿಂತಿರುವ ಮಣ್ಣು

ಹೊಸ ಬಡಾವಣೆ ಅಂದರೆ ನಿನ್ನೆಯವರೆಗೆ ಯಾರದೋ ರಾಗಿ ಹೊಲ, ಕೆರೆಯಂಗಳದ ಪಕ್ಕದ ತೋಟ. ಬಿಲ್ಡರ್ ಹತ್ತಿರ ಎಲ್ಲ ಸರ್ವೆ ನಂಬರುಗಳನ್ನೂ ಬರೆಸಿಕೊಳ್ಳಿ. ಆಮೇಲೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಗೇಟಿನಲ್ಲೇ ನಿಂತು ನೋಡಿ. ನೀವು ನಿಂತ ಜಾಗದ ಸರ್ವೆ ನಂಬರು, ಹಳೆಯ ಗ್ರಾಮ ನಕ್ಷೆಯಲ್ಲಿ ಅಲ್ಲಿ ಕೆರೆ, ರಾಜಕಾಲುವೆ, ಖರಾಬು ಏನಾದರೂ ಇತ್ತೇ ಅನ್ನುವುದು ಪರದೆಯ ಮೇಲೆ ಬರುತ್ತದೆ. ಖರ್ಚಿಲ್ಲದ ಪರೀಕ್ಷೆ ಇದು. ನಾವು ಮೆಚ್ಚಿದ ಮೊದಲ ಪ್ರಾಜೆಕ್ಟಿನ 'ಲ್ಯಾಂಡ್‌ಸ್ಕೇಪ್ ಗಾರ್ಡನ್' ನಡುವೆ ನೀಲಿ ಗೆರೆಯೊಂದು ಹಾದುಹೋಗಿತ್ತು. ಅಲ್ಲಿಗೆ ಅದು ಮುಗಿಯಿತು.

ಉಳಿದದ್ದು ವಕೀಲರ ಕೆಲಸ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡಿದ್ದಾರೆ, ಸಾಲ ಸಿಗುತ್ತೆ ಅಂದಮೇಲೆ ಸಾಕಲ್ಲ ಅನ್ನುವವರು ಬಹಳ. ಅವರು ನೋಡುವುದು ಬ್ಯಾಂಕಿನ ಹಿತ. ನಿಮ್ಮದೇ ವಕೀಲರನ್ನು ಇಟ್ಟುಕೊಂಡು ಮೂಲ ಪತ್ರ, ಪಹಣಿ, ವಂಶವೃಕ್ಷ, ಭೂ ಪರಿವರ್ತನೆ ಆದೇಶ, ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶದಿಂದ ತೆಗೆದ ಋಣಭಾರ ಪತ್ರ ನೋಡಿಸಿ. ನಮ್ಮ ರಾಜ್ಯದಲ್ಲಿ ವಿಶೇಷವಾಗಿ ಕೇಳಬೇಕಾದ್ದು: ಇದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನೇ? ಹೌದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಅನುಮತಿಯಿಲ್ಲದೆ ಆದ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿಯಿಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಮಾಲೀಕರು ಮತ್ತು ಬಿಲ್ಡರ್ ಜಂಟಿಯಾಗಿ ಕಟ್ಟುತ್ತಿದ್ದರೆ ಯಾವ ಫ್ಲ್ಯಾಟು ಯಾರ ಪಾಲಿಗೆ ಅನ್ನುವ ಹಂಚಿಕೆ ಪತ್ರವನ್ನೂ ಕೇಳಿ. ಇಷ್ಟು ದೊಡ್ಡ ಕಟ್ಟಡಕ್ಕೆ ಗ್ರಾಮ ಪಂಚಾಯಿತಿ ಮಂಜೂರು ಮಾಡಿದ ಪ್ಲಾನ್ ತೋರಿಸಿದರೆ ಎಳನೀರು ಮುಗಿಸಿ ಎದ್ದು ಬನ್ನಿ.

ರೇರಾ ಪುಟ ಓದುವುದು ಹೇಗೆ

500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಆಗುವ ಮೊದಲು ಬುಕಿಂಗ್ ತೆಗೆದುಕೊಳ್ಳುವ ಹಾಗೂ ಇಲ್ಲ. 'ಪ್ರಿ ಲಾಂಚ್ ರೇಟು, ನಾಳೆ ಹೆಚ್ಚಾಗುತ್ತೆ' ಅಂದರೆ ಅರ್ಥ ಮಾಡಿಕೊಳ್ಳಿ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಹೆಸರು ಹಾಕಿದರೆ ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ, ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ ಸಿಗುತ್ತವೆ. ನಾನು ಮೂರು ವಿಷಯ ನೋಡುತ್ತೇನೆ. ಸೇಲ್ಸ್‌ನವರು ಹೇಳಿದ ತಿಂಗಳಿಗೂ ಅಲ್ಲಿ ನಮೂದಾದ ದಿನಾಂಕಕ್ಕೂ ಎಷ್ಟು ಅಂತರ. ಮಂಜೂರಾದ ಮಹಡಿ ಎಷ್ಟು, ಬ್ರೋಷರಿನಲ್ಲಿ ಎಷ್ಟು. ಅದೇ ಬಿಲ್ಡರಿನ ಹಿಂದಿನ ಪ್ರಾಜೆಕ್ಟುಗಳ ಮೇಲೆ ಯಾವ ದೂರುಗಳಿವೆ.

ಕೊಳ್ಳುವವರಿಂದ ಬಂದ ಹಣದ ಶೇ. 70 ಅದೇ ಯೋಜನೆಗೆಂದು ಪ್ರತ್ಯೇಕ ಖಾತೆಯಲ್ಲಿರಬೇಕು. ಕರಾರು ನೋಂದಾಯಿಸದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೈಗೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಕಾನೂನು ಚೆನ್ನಾಗಿದೆ. ಆದರೆ ರೇರಾದಲ್ಲಿ ಗೆದ್ದ ಮೇಲೂ ಬಿಲ್ಡರ್ ದುಡ್ಡು ಕೊಡದಿದ್ದರೆ ವಸೂಲಿ ಕಂದಾಯ ಇಲಾಖೆಯ ಮೂಲಕ ಆಗಬೇಕು, ಅಲ್ಲಿ ವರ್ಷಗಟ್ಟಲೆ ಕಡತ ಮಲಗುತ್ತದೆ. ರೇರಾ ಇದೆಯಲ್ಲ ಅಂತ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ಟೇಪು, ಕ್ಯಾಲ್ಕುಲೇಟರು

ತಂಗಿಗೆ ತೋರಿಸಿದ ಎರಡು ಬೆಡ್‌ರೂಮಿನ ಮನೆ '1,250 ಚದರಡಿ'. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸುವ ಜಾಗ ಕೇಳಿದರೆ 845. ಮಿಕ್ಕಿದ್ದು ಬಾಲ್ಕನಿ, ಹೊರಗೋಡೆ, ಲಿಫ್ಟು, ಮೆಟ್ಟಿಲು, ಕ್ಲಬ್ ಹೌಸಿನಲ್ಲಿ ನಮ್ಮ ಪಾಲು. ಕಾಯ್ದೆ ಪ್ರಕಾರ ಮಾರಾಟ ಕಾರ್ಪೆಟ್ ಲೆಕ್ಕದಲ್ಲಿ ಆಗಬೇಕು. ಒಟ್ಟು ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿ, ಎಲ್ಲ ಪ್ರಾಜೆಕ್ಟುಗಳನ್ನೂ ಆ ಅಂಕಿಯಲ್ಲೇ ಹೋಲಿಸಿ. ಜೊತೆಗೆ ಭೂಮಿಯಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು ಚದರಡಿ ಅಂತ ಕೇಳಿ. ಮೂವತ್ತು ವರ್ಷದ ಮೇಲೆ ಕಟ್ಟಡ ಹಳತಾಗುತ್ತದೆ, ಉಳಿಯುವುದು ಅದೇ.

ಈಗ ದುಡ್ಡು. ಆ ಮನೆಯ ಕರಾರಿನ ಬೆಲೆ 92 ಲಕ್ಷ ಅಂದುಕೊಳ್ಳಿ. ಕಟ್ಟುತ್ತಿರುವ ಕಟ್ಟಡವಾದ್ದರಿಂದ ಶೇ. 5 ಜಿಎಸ್‌ಟಿ, 4.6 ಲಕ್ಷ. ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಅನ್ನುವ ಅಧಿಕೃತ ಪತ್ರ ಬಂದಮೇಲೆ ಕೊಂಡರೆ ಇದು ಇಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು 7.6, ಅಂದರೆ ಹತ್ತಿರ ಹತ್ತಿರ 7 ಲಕ್ಷ. ಒಂದು ವರ್ಷದ ಮೇಂಟೆನೆನ್ಸ್ ಮುಂಗಡ, ಕಾರ್ಪಸ್ (ನಿವಾಸಿಗಳ ಸಂಘದ ಮೂಲನಿಧಿ) ಅಂತ ಒಂದೂಕಾಲು ಲಕ್ಷ. ಅಡುಗೆಮನೆ ಕಬೋರ್ಡು, ವಾರ್ಡ್‌ರೋಬು, ಫ್ಯಾನು, ಗ್ರಿಲ್ಲು ಅಂತ ಕೈ ಬಿಗಿಹಿಡಿದರೂ 8 ಲಕ್ಷ. 92 ಲಕ್ಷದ ಮನೆ 1 ಕೋಟಿ 13 ಲಕ್ಷಕ್ಕೆ ಬಂದು ನಿಂತಿತು.

ಸಾಲ 30 ಲಕ್ಷ ದಾಟಿ 75 ಲಕ್ಷದೊಳಗಿದ್ದರೆ ಬ್ಯಾಂಕು ಬೆಲೆಯ ಶೇ. 80ರವರೆಗೆ ಕೊಡಬಹುದು, ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. 73.6 ಲಕ್ಷ ಸಾಲ ಅಂತಿಟ್ಟುಕೊಂಡರೆ ಕೈಯಿಂದ ಹಾಕಬೇಕಾದ್ದು 39 ಲಕ್ಷ. ಶೇ. 8.5 ಬಡ್ಡಿ, 20 ವರ್ಷಕ್ಕೆ ಇಎಂಐ ಸುಮಾರು 63,900. ಅದೇ ರಸ್ತೆಯಲ್ಲಿ ಅಂಥದೇ ಮನೆಗೆ ಬಾಡಿಗೆ 28,000 ಕೇಳುತ್ತಿದ್ದರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟು ಗಂಡ ಹೆಂಡತಿ ಒಂದು ಸಂಜೆ ಸುಮ್ಮನೆ ಕೂತು ನೋಡಬೇಕು. ಮನೆ ಕಟ್ಟುತ್ತಿರುವಷ್ಟು ಕಾಲ ಎರಡೂ ಒಟ್ಟಿಗೆ ಬರುತ್ತವೆ ಅನ್ನುವುದು ಬೇರೆ: 40 ಲಕ್ಷ ಬಿಡುಗಡೆಯಾಗಿದ್ದರೆ ಬಡ್ಡಿಯೇ ತಿಂಗಳಿಗೆ 28,000 ದಾಟುತ್ತದೆ, ಜೊತೆಗೆ ಈಗಿನ ಮನೆ ಬಾಡಿಗೆ. 'ಕೀ ಕೊಡುವ ತನಕ ಬಡ್ಡಿ ನಾವೇ ಕಟ್ಟುತ್ತೇವೆ' ಅನ್ನುವ ಸ್ಕೀಮಿಗೆ ಬೀಳಬೇಡಿ. ಸಾಲ ನಿಮ್ಮ ಹೆಸರಲ್ಲೇ ಇರುತ್ತದೆ, ಬಿಲ್ಡರ್ ಕಟ್ಟುವುದು ನಿಲ್ಲಿಸಿದರೆ ಬ್ಯಾಂಕು ಬರುವುದು ನಿಮ್ಮ ಬಾಗಿಲಿಗೆ.

ಇನ್ನೆರಡು ಸಣ್ಣ ವಿಷಯ. ಬೆಲೆ 50 ಲಕ್ಷ ಮುಟ್ಟಿದರೆ ಪ್ರತಿ ಕಂತಿನಲ್ಲೂ ಶೇ. 1 ಟಿಡಿಎಸ್ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮರೆತರೆ ದಂಡ ನಿಮಗೇ. ತಿಂಗಳ ಮೇಂಟೆನೆನ್ಸ್ 7,500 ದಾಟಿದರೆ ಅದರ ಮೇಲೂ ಶೇ. 18 ಜಿಎಸ್‌ಟಿ ಬೀಳಬಹುದು. ಕ್ಲಬ್ ಹೌಸು, ಜಕೂಜಿ, ಮಿನಿ ಥಿಯೇಟರು ನೋಡಿ ಖುಷಿಪಡುವಾಗ ಇದೂ ನೆನಪಿರಲಿ.

ಓಸಿ, ಖಾತಾ, ಕೀ

ನಾನು ನನ್ನ ಮನೆಗೆ ಹೋದದ್ದು 2016ರಲ್ಲಿ, ಓಸಿ ಇಲ್ಲದೆ. "ಫಾರ್ಮಾಲಿಟಿ ಸಾರ್, ಎರಡು ತಿಂಗಳಲ್ಲಿ ಬರುತ್ತೆ" ಅಂದಿದ್ದರು. ಬಂದದ್ದು ಆರು ವರ್ಷಕ್ಕೆ. ಮಧ್ಯೆ ತಾತ್ಕಾಲಿಕ ಸಂಪರ್ಕದ ದುಬಾರಿ ಕರೆಂಟ್ ಬಿಲ್ಲು, ಮಾರಲು ಹೊರಟ ನೆರೆಯವರಿಗೆ ಗಿರಾಕಿ ಸಿಗದ ಸಂಕಟ ಎಲ್ಲ ನೋಡಿದ್ದೇನೆ. ಈಗ ಹಾಗೆ ಹೋಗಿ ಕೂರುವುದೂ ಕಷ್ಟ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು. ಕೊನೆಯ ದೊಡ್ಡ ಕಂತನ್ನು ಓಸಿಗೆ ಕಟ್ಟಿಹಾಕಿ. ಕರಾರಿನಲ್ಲಿ 'ಕೀ ಕೊಡುವಾಗ' ಅಂತಿದ್ದರೆ 'ಓಸಿ ಪ್ರತಿಯೊಂದಿಗೆ ಕೀ ಕೊಡುವಾಗ' ಅಂತ ತಿದ್ದಿಸಿ. 'ಭಾಗಶಃ ಓಸಿ' ಅಂದರೆ ಅದರಲ್ಲಿ ನಿಮ್ಮ ಟವರಿನ ಹೆಸರಿದೆಯೇ ನೋಡಿ.

ನೋಂದಣಿಗೆ ಈಗ ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ ಬೇಕು. ಬಿಬಿಎಂಪಿ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ನಿಮ್ಮದು ಯಾವುದು ಅಂತ ಮೊದಲೇ ತಿಳಿದುಕೊಂಡಿದ್ದರೆ ಒಂದೆರಡು ಓಡಾಟ ಉಳಿಯುತ್ತದೆ. ಎ ಖಾತಾನೋ (ಎಲ್ಲ ಕ್ರಮಬದ್ಧ) ಬಿ ಖಾತಾನೋ (ಮಂಜೂರಾತಿಯಲ್ಲಿ ಕೊರತೆ) ಬಾಯಿಮಾತಲ್ಲಿ ಕೇಳಬೇಡಿ, ಪ್ರತಿ ನೋಡಿ. ನಿವಾಸಿಗಳ ಸಂಘ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಆಗುತ್ತದೆಯೋ, 1960ರ ಸಂಘಗಳ ಕಾಯ್ದೆಯಡಿಯೋ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಮುಂದೆ ಜಗಳವಾಗುವುದು ಅಲ್ಲೇ.

ತಂಗಿ ಕೊನೆಗೆ ಒಪ್ಪಿದ್ದು ಬೇರೊಂದು ಪ್ರಾಜೆಕ್ಟು: ಓಸಿ ಕೈಯಲ್ಲಿತ್ತು, ಕಾವೇರಿ ಸಂಪರ್ಕದ ರಸೀದಿ ಇತ್ತು, ಕ್ಲಬ್ ಹೌಸು ಇರಲಿಲ್ಲ, ಹಾಲ್ ಸ್ವಲ್ಪ ಚಿಕ್ಕದು. ಕೀ ತೆಗೆದುಕೊಳ್ಳುವ ದಿನ ಅವಳ ಚೀಲದಲ್ಲಿ ಒಂದು ಟೇಪು, ಮೊಬೈಲ್ ಚಾರ್ಜರು, ಬಿಳಿ ಸೀಮೆಸುಣ್ಣ, ಮಗನ ಡಬ್ಬಿಯಿಂದ ಎತ್ತಿಕೊಂಡ ಒಂದು ಗೋಲಿ. ಚಾರ್ಜರನ್ನು ಪ್ರತಿ ಪಾಯಿಂಟಿಗೂ ಚುಚ್ಚಿ ನೋಡಿದಳು. ಟೈಲ್ಸಿನ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದಳು. ಬಚ್ಚಲಿನಲ್ಲಿ ಗೋಲಿ ಇಟ್ಟಳು. ಅದು ಜಾಲರಿಯ ಕಡೆ ಹೋಗುವುದು ಬಿಟ್ಟು ನಿಧಾನವಾಗಿ ಬಾಗಿಲಿನ ಕಡೆ ಉರುಳಿ, ಹೊಸ್ತಿಲಿಗೆ ತಾಗಿ ನಿಂತಿತು.

ಸೈಟ್ ಎಂಜಿನಿಯರ್ ನಕ್ಕರು. "ಇದೇನ್ ದೊಡ್ಡದಲ್ಲ ಮೇಡಂ, ಮುಂದಿನ ವಾರ ಹುಡುಗರು ಬರ್ತಾರೆ."

ತಂಗಿ ಗೋಲಿ ಎತ್ತಿಕೊಂಡು ಪೆನ್ನು ಮುಂದೆ ಚಾಚಿದಳು. "ಬರ್ಕೊಡಿ."